ಮಾವನ ಗೋಡೆ, ಅಳಿಯನ ದಾರ

ಮಾವ ಗಾರೆ ಕೆಲಸದವರು, ಅಳಿಯ ಪೇವರ್ ಹಾಕುವವನು. ಒಬ್ಬರಿಗೆ ಸಿಮೆಂಟಿಲ್ಲದೆ ಕೈಯಾಡದು, ಇನ್ನೊಬ್ಬನಿಗೆ ಸಿಮೆಂಟಿನ ಹಂಗೇ ಇಲ್ಲ. ಜಲ್ಲಿ ಹರಡಿ, ಮರಳು ಹಾಸಿ, ಕಲ್ಲು ಕೂರಿಸಿ, ಮೆಷಿನ್ನಿನಿಂದ ಗುದ್ದಿದರೆ ಮುಗಿಯಿತು. ಮದುವೆಯಾದ ಹನ್ನೊಂದು ವರ್ಷದಿಂದಲೂ ಮಾವನ ಲೆಕ್ಕದಲ್ಲಿ ಅದು ಕೆಲಸವಲ್ಲ, ಮಕ್ಕಳಾಟ.

ಅಂಥ ಮಾವನ ಮನೆಯ ಹಿತ್ತಲಿಗೇ ಪೇವರ್ ಹಾಕುವ ಯೋಗ ಅಳಿಯನಿಗೆ ಬಂತು. ಸಮುದ್ರಕ್ಕೆ ಮುಖ ಮಾಡಿ ಕೂರಲು ಒಂದು ಕಟ್ಟೆಯಂಥ ಜಾಗ, ಅಲ್ಲಿಂದ ಹಿಂದಿನ ಗೇಟಿಗೆ ಒಂದು ಕಾಲುದಾರಿ ಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಅತ್ತೆ ಹಟ ಹಿಡಿದರೆ ಮಾವನ ಆಟ ನಡೆಯುವುದಿಲ್ಲ. ಅವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಹಿತ್ತಲಲ್ಲಿ ಠಿಕಾಣಿ ಹೂಡಿದರು.

"ಏನ್ ಅಳಿಯಂದ್ರೇ, ಸಿಮೆಂಟ್ ಮನೇಲೇ ಮರ್ತು ಬಂದ್ರಾ?"

"ಬೇಡ ಮಾವ, ಮರಳೇ ಸಾಕು."

"ಹೌದಪ್ಪ, ಮರಳಿಗೇನು ಬರ ಇಲ್ಲಿ! ನೋಡಿ, ಗೋಡೆ ಹಿಡ್ಕೊಂಡು ಮೊದಲ ಸಾಲು ಕೂರ್ಸಿಬಿಡಿ. ಆ ಗೋಡೆಗಿಂತ ನೆಟ್ಟಗಿರೋದು ಈ ಊರಲ್ಲೇ ಇಲ್ಲ."

ಇದು ಬರೀ ಜಂಭವಲ್ಲ. ಮಾವ ತಮ್ಮ ಕೈಯಾರೆ ಕಟ್ಟಿದ ಮನೆ ಅದು. ಹೊಸಬರಿಗೆ ಕೆಲಸ ಕಲಿಸುವ ಮೇಸ್ತ್ರಿಗಳು ಈಗಲೂ ಆ ಹುಡುಗರನ್ನು ಇಲ್ಲಿಗೆ ಕರೆತಂದು, ಬೀದಿಯಲ್ಲಿ ನಿಲ್ಲಿಸಿ, ನೋಡ್ರೋ ಎಂದು ತೋರಿಸುತ್ತಾರೆ. ಪಾಪ, ಹಿತ್ತಲಿಗೆ ಯಾರೂ ಬರುವುದಿಲ್ಲ.

ಅಳಿಯ ಮಾತ್ರ ಯಾರ ಗೋಡೆಯನ್ನೂ ನಂಬುವವನಲ್ಲ. ಟೇಪು ಹಿಡಿದು ಮೂರಡಿ, ನಾಲ್ಕಡಿ, ಐದಡಿ ಗುರುತು ಹಾಕಿ ಮೂಲೆ ಲಂಬವಾಗಿದೆಯೇ ಎಂದು ನೋಡಿದ. ಅನುಮಾನ ಬಂತು. ಉದ್ದಕ್ಕೆ ದಾರ ಕಟ್ಟಿ ಮತ್ತೆ ನೋಡಿದ. ಮೂರನೆಯ ಸಲ ಟೇಪನ್ನು ಅಂಗಿಗೆ ಒರೆಸಿಕೊಂಡು ನೋಡಿದ. ಇಪ್ಪತ್ತನಾಲ್ಕು ಅಡಿ ಗೋಡೆ, ಆ ತುದಿಗೆ ಹೋಗುವಷ್ಟರಲ್ಲಿ ಸರಿಯಾಗಿ ಮೂರು ಇಂಚು ಒಳಗೆ ಸರಿದಿತ್ತು.

ಅಳಿಯನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹನ್ನೊಂದು ವರ್ಷದ ಮಾತಿಗೆಲ್ಲ ಒಂದೇ ಏಟಿಗೆ ಬಡ್ಡಿ ಸಮೇತ ಉತ್ತರ ಸಿಕ್ಕಿತ್ತು. ಮಾವ ಎಂದು ಕರೆಯಲು ಬಾಯಿ ತೆರೆದು ತಿರುಗಿದ. ಮಾವ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಗೋಡೆಯನ್ನೇ ನೋಡುತ್ತಿದ್ದರು, ಶಾಲೆಯಲ್ಲಿ ಬಹುಮಾನ ಪಡೆದ ಮಗಳನ್ನು ನೋಡುವಂತೆ. ಅಳಿಯ ಟೇಪು ಸುತ್ತಿಕೊಂಡ. ಈ ಮನುಷ್ಯನಿಗೆ ಇರುವ ಹೆಸರೆಲ್ಲ ಈ ಗೋಡೆಯಿಂದ ಬಂದದ್ದು. ಈ ವಯಸ್ಸಿನಲ್ಲಿ, ಅದೂ ಅತ್ತೆಯ ಎದುರಿಗೆ, ಅದನ್ನು ಕಿತ್ತುಕೊಂಡು ತಾನು ಮಾಡುವುದಾದರೂ ಏನು?

ಆದರೆ ಸುಮ್ಮನಿದ್ದರೂ ಗೋಳು ತಪ್ಪದು. ಗೋಡೆ ಹಿಡಿದು ಸಾಲು ಹಾಕಿದರೆ ನಲವತ್ತು ಅಡಿ ಆಚೆಯ ಗೇಟಿಗೆ ದಾರಿ ಐದು ಇಂಚು ಪಕ್ಕಕ್ಕೆ ಹೋಗಿ ಕಂಬಕ್ಕೆ ಗುದ್ದುತ್ತದೆ. ಗೇಟು ಹಿಡಿದು ಹಾಕಿದರೆ ಗೋಡೆಯ ಬುಡದಲ್ಲಿ ಕಲ್ಲುಗಳು ಒಂದು ತುದಿಗೆ ಸಣ್ಣ, ಇನ್ನೊಂದಕ್ಕೆ ದಪ್ಪ ಆಗಿ, ಗೋಡೆ ಸೊಟ್ಟ ಎಂದು ಕುರುಡನಿಗೂ ಗೊತ್ತಾಗುತ್ತದೆ. ಅಳಿಯ ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡ.

"ಮಾವ, ಕಲ್ಲು ಓರೆಯಾಗಿ ಹಾಕ್ತೀನಿ. ಮೂಲೆಯಿಂದ ಮೂಲೆಗೆ. ಈಗೆಲ್ಲ ಅದೇ ಚಂದ ಅಂತಾರೆ."

ಓರೆಯಾಗಿ ಹಾಕಿದರೆ ಗೋಡೆಯ ಬುಡದ ಪ್ರತಿ ಕಲ್ಲನ್ನೂ ಕತ್ತರಿಸಲೇಬೇಕು. ಎಲ್ಲವೂ ತುಂಡಾದ ಮೇಲೆ ಯಾವ ತುಂಡು ಎಷ್ಟು ಸಣ್ಣದು ಎಂದು ಯಾರು ನೋಡುತ್ತಾರೆ? ಕೆಲಸ ದುಪ್ಪಟ್ಟು, ಸೊಂಟ ಬಿದ್ದುಹೋಗುತ್ತದೆ, ಆದರೆ ಮಾವನ ಮಾನ ಉಳಿಯುತ್ತದೆ. ಮಾವ ಒಂದು ಗಳಿಗೆ ಅವನನ್ನೇ ದಿಟ್ಟಿಸಿದರು. "ನಿಮ್ಮಿಷ್ಟ" ಎಂದರು. ಆಮೇಲೆ ಸಂಜೆಯವರೆಗೆ ಒಂದು ಚೇಷ್ಟೆಯ ಮಾತೂ ಬರಲಿಲ್ಲ.

ಮೂರನೆಯ ದಿನ ಗೋಡೆಯ ಬುಡದ ತುಂಡುಗಳ ಸರದಿ. ಅಳಿಯ ಕಟರ್ ಹಿಡಿದು ಕೂತಾಗ ಮಾವ ಕುರ್ಚಿ ಬಿಟ್ಟೆದ್ದು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಇದು ಆರು ಇಂಚು. ಅದರಾಚೆಯದಕ್ಕೆ ಒಂದು ನೂಲು ಕಮ್ಮಿ ಮಾಡಿ."

ಅಳಿಯ ಅಳೆದು ನೋಡಿದ. ಒಂದು ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು, ಕೂದಲೆಳೆಯಷ್ಟೂ ತಪ್ಪಿಲ್ಲ. ಇನ್ನೊಂದು, ಮತ್ತೊಂದು, ಮಾವ ಟೇಪು ಮುಟ್ಟದೆ ಹೇಳುತ್ತಲೇ ಹೋದರು. ಗೋಡೆ ಎಲ್ಲಿ ಎಷ್ಟು ಸರಿದಿದೆ ಎಂಬುದು ಅವರಿಗೆ ಬಾಯಿಪಾಠ. ಅಳಿಯ ಅವರು ಹೇಳಿದಂತೆಯೇ ಕತ್ತರಿಸುತ್ತ ಹೋದ.

ಮಾರನೆಯ ದಿನ ಕಾಲುದಾರಿಗೆ ದಾರ ಕಟ್ಟಿದ. ಕೈಗಾಡಿಗೆ ತೊಡರಬಾರದೆಂದು ದಾರವನ್ನು ಸೊಂಟದೆತ್ತರಕ್ಕೆ ಕಟ್ಟಿ, ಅದರಿಂದ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕುವುದು ಅವನ ರೂಢಿ. ಗೂಟಗಳನ್ನು ಹೊಡೆದು, ಜಲ್ಲಿ ತರಲು ಮುಂಬಾಗಿಲಿಗೆ ಹೋದ. ಬರುವಷ್ಟರಲ್ಲಿ ಅತ್ತೆ ಒದ್ದೆ ಬೆಡ್‌ಶೀಟನ್ನು ಮಡಚಿ ಆ ದಾರದ ಮೇಲೆ ಹಾಕಿ ಒಳಗೆ ಹೋಗಿದ್ದರು. ಅವರ ತಪ್ಪೇನು? ಕೆಲಸಕ್ಕೆ ಅಡ್ಡವೆಂದು ಬಟ್ಟೆ ಒಣಗಿಸುವ ಕಂಬಗಳನ್ನು ಕಿತ್ತವನು ಅಳಿಯನೇ. ಸಮುದ್ರದ ಗಾಳಿಗೆ ಬೆಡ್‌ಶೀಟು ಉಬ್ಬಿ ಉಬ್ಬಿ ದಾರವನ್ನು ಜಗ್ಗುತ್ತಿತ್ತು.

"ಅತ್ತೆ..." ಎಂದು ಅವನು ಕೂಗುವುದಕ್ಕೂ ಮಾವ ಕೈಯೆತ್ತಿ ತಡೆಯುವುದಕ್ಕೂ ಸರಿಹೋಯಿತು. ಮಾವ ಮರಳಲ್ಲಿ ಮಂಡಿಯೂರಿ, ಗೂಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದರು.

"ಕೂಗ್ಬೇಡಿ. ತೆಗೀಬೇಡಿ."

"ಗೂಟ ಜರುಗುತ್ತೆ ಮಾವ."

"ಗೊತ್ತು. ಒಂದ್ಸಲ ಜರುಗಿದೆ." ಮಾವ ಅಡುಗೆಮನೆಯ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು. "ಮದುವೆಯಾದ ಹೊಸತು. ಇಲ್ಲೇ ತಗಡಿನ ಶೆಡ್ಡಲ್ಲಿದ್ವಿ. ಪಾಯಕ್ಕೆ ಹೀಗೇ ದಾರ ಕಟ್ಟಿ ಪೇಟೆಗೆ ಹೋಗಿದ್ದೆ. ಬಂದಾಗ ಇವಳು ಆ ದಾರದಿಂದ ಬೆಡ್‌ಶೀಟ್ ತೆಗೆದು ಮಡಚ್ತಾ ಇದ್ಲು. ಮತ್ತೆ ಅಳತೆ ನೋಡ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಗೋಡೆ ಎದೆಮಟ್ಟ ಬಂದ್ಮೇಲೆ ಗೊತ್ತಾಯ್ತು."

"ಒಡೆದು ಕಟ್ಬಹುದಿತ್ತಲ್ಲ?"

"ಒಡೆದ್ರೆ ಯಾಕೆ ಅಂತ ಕೇಳ್ತಿದ್ಲು. ತನ್ನಿಂದಾಯ್ತು ಅಂತ ಗೊತ್ತಾದ್ರೆ, ಈ ಮನೇಲಿ ಅವಳು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ಲಾ? ಅದಕ್ಕೇ ಊರೆಲ್ಲ ಡಂಗುರ ಸಾರಿದೆ, ಇಂಥ ನೆಟ್ಟಗಿನ ಗೋಡೆ ಇಲ್ಲ ಅಂತ. ಅಷ್ಟು ಹೇಳಿದ್ಮೇಲೆ ಅಳೆಯೋಕೆ ಯಾರು ಬರ್ತಾರೆ? ನಿಮ್ಮ ಥರದೋರು ಒಬ್ಬರು ಬಂದ್ರು, ಅಷ್ಟೆ. ಈಗ ಈ ದಾರದ ಮಾತೆತ್ತಿದ್ರೆ ಅವಳಿಗೆ ಆ ದಾರಾನೂ ನೆನಪಾಗುತ್ತೆ."

ಅಳಿಯನಿಗೆ ಹನ್ನೊಂದು ವರ್ಷ ಈ ಮನುಷ್ಯನನ್ನು ಬರೀ ಜಂಭದ ಮೂಟೆ ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು. ನಲವತ್ತು ಅಡಿ ನಡೆದು ಹೋಗಿ, ಗೇಟಿನ ಬಳಿಯ ಗೂಟವನ್ನು ಹಿಡಿದು ಅವನೂ ಮರಳಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಅತ್ತೆ ಹೊರಗೆ ಬಂದರು. "ಕೆಲಸ ಬಿಟ್ಟು ಇಬ್ಬರೂ ಹೀಗ್ಯಾಕೆ ಕೂತಿದ್ದೀರಾ?"

"ಗಾಳಿ ತಗೊಳ್ತಿದ್ದೀವಿ ಕಣೇ" ಎಂದರು ಮಾವ.

"ಚೆನ್ನಾಗಿದೆ, ಮಾವನಿಗೆ ತಕ್ಕ ಅಳಿಯ." ಅತ್ತೆ ಬೆಡ್‌ಶೀಟು ಮುಟ್ಟಿ ನೋಡಿದರು. "ಇನ್ನೂ ಹಸಿ ಇದೆ." ಒಳಗೆ ಹೋಗಿ ಎರಡು ದಿಂಬಿನ ಕವರು, ಒಂದು ದಪ್ಪ ಟವೆಲು ತಂದು ಅದೇ ದಾರಕ್ಕೆ ಹಾಕಿದರು.

ಅಳಿಯ ಗೂಟಕ್ಕೆ ಇನ್ನೊಂದು ಕೈಯನ್ನೂ ಹಾಕಿದ.