ಎಡಗೈಗೊಂದು, ಬಲಗೈಗೊಂದು ಗುಲಾಬಿ

ಟೈಲರಮ್ಮನ ಕತ್ತರಿ ಎಂಥ ರೇಷ್ಮೆಗೂ ಹೆದರಿದ್ದಲ್ಲ. ಅಂಥವಳು ಇವತ್ತು ಸೆಂಟಿನ ಅಂಗಡಿಯಲ್ಲಿ ಎರಡು ಸೀಸೆಗಳ ಮುಂದೆ ಕೈಕಟ್ಟಿ ನಿಂತುಬಿಟ್ಟಿದ್ದಳು. ಎರಡರಲ್ಲೂ ಕಸ್ತೂರಿ ಬೆರೆತ ಗುಲಾಬಿಯೇ. ಒಂದು ಹಗುರ, ಇನ್ನೊಂದು ಗಾಢ. ಯಾವುದು ಒಳ್ಳೆಯದು ಎಂದು ಕೇಳಿದರೆ ಅಂಗಡಿಯವನು, "ಎರಡೂ ನಿಮಗೆ ಒಪ್ಪುತ್ತೆ ಮೇಡಂ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ.

"ಗಾಢದ್ದೇ ತಗೋ ಅಕ್ಕ," ಎಂದಳು ಜೊತೆಗೆ ಬಂದಿದ್ದ ತಂಗಿ. "ಆ ಮನುಷ್ಯನಿಗೆ ಕಿವಿ ಹಿಡಿದು ಹೇಳದಿದ್ರೆ ಏನೂ ತಲೆಗೆ ಹೋಗಲ್ಲ."

ಆ ಮನುಷ್ಯ ಎಂದರೆ ಎದುರು ಸಾಲಿನ ಗಡಿಯಾರ ರಿಪೇರಿಯವನು. ಒಂಟಿ ಜೀವ. ಇವಳೂ ಒಂಟಿಯೇ. ಒಂದೇ ಕೋಟನ್ನು ಹಿಡಿದುಕೊಂಡು ಚಳಿಗಾಲ ಪೂರ್ತಿ ಇವಳ ಅಂಗಡಿಗೆ ಬರುತ್ತಿದ್ದ: ಒಮ್ಮೆ ಕಾಲರ್ ಬಿಗಿ, ಒಮ್ಮೆ ಸಡಿಲ. ಅಳತೆ ಕೊಟ್ಟು, ಏನೋ ಹೇಳಲು ಬಾಯಿ ತೆರೆದು, ಕೊನೆಗೆ ಚಳಿಯ ಸುದ್ದಿ ಹೇಳಿ ಹೋಗುತ್ತಿದ್ದ. ಟೈಲರಮ್ಮನಿಗೆ ಅವನೆಂದರೆ ಇಷ್ಟ. ಅದನ್ನು ಸುತ್ತಿ ಬಳಸಿ ಹೇಳುವುದೇಕೆ? ಇವತ್ತೂ ಅವನು ಬಾಯಿ ಬಿಡದಿದ್ದರೆ ಕೋಟು ಕೈಗೆ ಕೊಟ್ಟು, ಬೇರೆ ಟೈಲರನ್ನು ನೋಡಿಕೊಳ್ಳಿ ಎಂದುಬಿಡುವುದು ಎಂದು ತೀರ್ಮಾನಿಸಿದ್ದಳು.

ಕಡೆಗೆ ಏನನ್ನೂ ಕೊಳ್ಳದೆ, ಎಡ ಮಣಿಕಟ್ಟಿಗೆ ಹಗುರದ್ದು, ಬಲಕ್ಕೆ ಗಾಢದ್ದು ಹಚ್ಚಿಸಿಕೊಂಡು ತನ್ನ ಅಂಗಡಿಗೆ ಬಂದಳು. ಕೊರಳಿನ ಅಳತೆಗೆ ಎರಡು ಕೈಯೂ ಬೇಕಲ್ಲ, ಅವನ ಮೂಗೇ ತೀರ್ಪು ಹೇಳಲಿ ಎಂದು ಅವಳ ಲೆಕ್ಕ.

ಅವನು ಬಂದ. ತಂಗಿ ಟ್ರಯಲ್ ರೂಮಿನ ಪರದೆಯ ಹಿಂದೆ ಸೇರಿಕೊಂಡಳು. ಟೈಲರಮ್ಮ ಅಭ್ಯಾಸಬಲದಿಂದ ಗುಂಡುಸೂಜಿ ಚುಚ್ಚಿದ ಮೆತ್ತೆಯ ಪಟ್ಟಿಯನ್ನು ಎಡಗೈಗೆ ಕಟ್ಟಿಕೊಂಡು, ಟೇಪನ್ನು ಅವನ ಕೊರಳಿಗೆ ಸುತ್ತಿದಳು.

ಅವಳ ಬಲಗೈ ಕಡೆ ಅವನು ತಿರುಗಲೇ ಇಲ್ಲ. ಎಡಗೈಯತ್ತ ಕತ್ತು ವಾಲಿತು, ಇನ್ನೂ ವಾಲಿತು, ಕಣ್ಣು ಮುಚ್ಚಿತು. ಅಳತೆ ಹಳ್ಳ ಹಿಡಿಯಿತು. ಮರುಕ್ಷಣವೇ "ಅಯ್ಯೋ!" ಎಂದು ಕೂಗಿದ.

ಮೆತ್ತೆಯಿಂದ ಹೊರಚಾಚಿದ್ದ ಸೂಜಿಮೊನೆ ತಗುಲಿ, ಮೂಗಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಪರದೆಯ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು.

"ಅಷ್ಟು ಹತ್ತಿರ ಯಾಕ್ರೀ ಬಂದ್ರಿ?" ಎಂದು ಟೈಲರಮ್ಮ ಗದರಿದಳು.

"ಬಲಗೈ ಘಮ ಬಾಗಿಲಲ್ಲೇ ಸಿಕ್ತು," ಎಂದ ಅವನು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು. "ಅದು ಅಂಗಡಿಗೆ ಬಂದವ್ರಿಗೆಲ್ಲ ಸಿಗುತ್ತೆ. ಎಡಗೈದು ಹತ್ತಿರ ಬಂದವನಿಗೆ ಮಾತ್ರ." ಕಿವಿಯವರೆಗೂ ಕೆಂಪಾದ. "ಕಾಲರ್ ಸರಿಯಾಗೇ ಇದೆ. ಮೊದಲಿಂದ್ಲೂ ಸರಿಯಾಗೇ ಇತ್ತು. ನಾನು... ಇನ್ನೊಂದು ಸಲ ಹತ್ತಿರ ಬರಬಹುದಾ?"

"ಅಬ್ಬಾ, ಸದ್ಯ!" ಎಂದಿತು ಪರದೆ.

ಟೈಲರಮ್ಮ ಸೂಜಿಮೆತ್ತೆಯ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಬನ್ನಿ," ಎಂದಳು.