ಮೈಕ್ ಆರಿದ ಮೇಲಿನ ಮಾತು

ಸನ್ಮಾನಪತ್ರ ಓದುತ್ತಿದ್ದ ಸಂಘದ ಬ್ರಯಾನನ ದನಿ ಆ ಸಾಲಿಗೆ ಬರುವಾಗ ಇನ್ನಷ್ಟು ಏರಿತು. "ರಾಜ್ಯಸಭೆಯಲ್ಲಿ ಕೊಲ್ಲಿಯ ಬಡ ಕೆಲಸಗಾರರ ಪರವಾಗಿ ಗುಡುಗಿದ, ಮೈಕ್ ಕಿತ್ತುಕೊಂಡರೂ ಮಾತು ನಿಲ್ಲಿಸದ ನಮ್ಮ ಹೆಮ್ಮೆಯ ಮಾಜಿ ಸದಸ್ಯರೇ..." ಕುವೈಟಿನ ಅಬು ಹಲೀಫಾದ ಆ ಪುಟ್ಟ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಮೋರಿಸ್ ಮಿನೇಜಸರು ಪೇಟ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಗ್ಗಿಸಿದರು. ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ. ಎದ್ದು ಹೋಗೋಣವೆಂದರೂ ಹೋಗುವ ಹಾಗಿರಲಿಲ್ಲ.

ಸಾಲ್ಮಿಯಾದಲ್ಲಿರುವ ಮಗಳ ಮನೆಗೆ ವಿಶ್ರಾಂತಿಗೆಂದು ಬಂದವರು ಅವರು. ಬಂದ ಸುದ್ದಿ ಹೇಗೋ ಅಲ್ಲಿಯ ಕರಾವಳಿ ಸಂಘದವರ ಕಿವಿಗೆ ಬಿತ್ತು. ಬೇಡವೆಂದು ಎಷ್ಟೋ ಹೇಳಿದರು. ಬೇಡ ಅನ್ನುವುದು ದೊಡ್ಡವರ ಲಕ್ಷಣ ಎಂದು ಸಂಘದವರು ಇನ್ನೊಂದು ಶಾಲು ಹೆಚ್ಚು ತಂದರು. ಮುಂದಿನ ಸಾಲಿನಲ್ಲಿ ಕೂತ ಮಗಳು ವೆಲಿಟಾ ಮಾತ್ರ ಚಪ್ಪಾಳೆ ತಟ್ಟದೆ ಮೊಬೈಲು ನೋಡುತ್ತಿದ್ದಳು. ಅವಳಿಗೆ ನಿಜ ಗೊತ್ತಿತ್ತು. ಆ ಭಾಷಣದ ದಿನ ಅವಳೇ ದಿಲ್ಲಿಗೆ ಫೋನು ಮಾಡಿದ್ದಳು. "ಪಪ್ಪಾ, ಅದು ಇಗರ್ಜಿಯ ವಾರ್ಷಿಕೋತ್ಸವ ಅಲ್ಲ. ಯಾರ ಹೆಸರು ಬಿಟ್ಟಿದ್ದರೂ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ."

ಮೋರಿಸರು ರಾಜಕೀಯಕ್ಕಿಂತ ಮೊದಲು ಕಲಿತದ್ದು ವಂದನಾರ್ಪಣೆ. ಬಂಟ್ವಾಳದ ಕಡೆಯ ಯಾವ ಸಭೆಯಿದ್ದರೂ ಕೊನೆಯಲ್ಲಿ ಅವರೇ ಏಳಬೇಕು. ಇಗರ್ಜಿಯ ಪಾದ್ರಿ ವಿಗಾರರಿಂದ ಹಿಡಿದು ಶಾಮಿಯಾನ ಹಾಕಿದವನ ತನಕ ಒಂದು ಹೆಸರೂ ತಪ್ಪುತ್ತಿರಲಿಲ್ಲ. ತಪ್ಪಿದರೆ ಆ ಮನೆಯವರು ವರ್ಷವಿಡೀ ಮುಖ ತಿರುಗಿಸಿ ನಡೆಯುವ ಊರು ಅದು. ಹೆಸರು ಹೇಳಿ ಹೇಳಿಯೇ ಅವರು ಬೆಳೆದರು, ಒಂದು ಅವಧಿಗೆ ರಾಜ್ಯಸಭೆಗೂ ಹೋದರು.

ಅಲ್ಲಿ ಶೂನ್ಯವೇಳೆಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಮೂರು ನಿಮಿಷ. ಮುಗಿದೊಡನೆ ಮೈಕು ತಾನಾಗಿ ಆರುತ್ತದೆ. ಅದು ಯಾರ ದ್ವೇಷವೂ ಅಲ್ಲ, ನಿಯಮ. ಮೋರಿಸರು ಎದ್ದು ಸಭಾಪತಿಗಳನ್ನು ವಂದಿಸಿದರು, ಪಕ್ಷದ ನಾಯಕರನ್ನು ನೆನೆದರು, ತಮಗೆ ಮತ ಹಾಕಿದ ಶಾಸಕರಿಗೆ ಕೃತಜ್ಞತೆ ಹೇಳಿದರು, ಕನ್ನಡದಲ್ಲಿ ಮಾತಾಡಲು ಬಿಟ್ಟದ್ದಕ್ಕೆ ಇನ್ನೊಮ್ಮೆ ವಂದಿಸಿದರು. ಆಮೇಲೆ ಕರಾವಳಿಯವರು ಹಡಗು ಹತ್ತಿ ಕೊಲ್ಲಿಗೆ ಹೋದ ಕಥೆ ತೆಗೆದರು. "ಕುವೈಟಿನಲ್ಲಿ ನಮ್ಮ ಊರಿನ ಒಬ್ಬರು" ಅನ್ನುವಷ್ಟರಲ್ಲಿ ಮೈಕಿನ ಕೆಂಪು ದೀಪ ಆರಿತು. ತುಟಿ ಇನ್ನೂ ಆಡುತ್ತಿತ್ತು. ಸಭಾಪತಿಗಳು ಮುಂದಿನವರನ್ನು ಕರೆದಾಗಿತ್ತು.

ಮತ್ತೊಮ್ಮೆ ನೋಟಿಸು ಕೊಡಬಹುದಿತ್ತು. ಆದರೆ ಅಷ್ಟರಲ್ಲಿ ಆ ವೀಡಿಯೋ ಊರು ತುಂಬ ಓಡಾಡಿತು. ಕರಾವಳಿಯ ದನಿ ಅಡಗಿಸಿದರು ಎಂದು ಜನ ಸಿಟ್ಟಾದರು. ಮೋರಿಸರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಜನರ ಸಿಟ್ಟಿನ ನೆರಳು ತಂಪಾಗಿತ್ತು. ಇನ್ನೊಮ್ಮೆ ಎದ್ದು ನಿಂತರೆ ಮೊದಲ ಸಲ ಆದದ್ದೇನೆಂದು ಬಯಲಾಗುತ್ತದಲ್ಲ. ಅವಧಿಯೂ ಮುಗಿಯಿತು.

ಸಭೆ ಮುಗಿದು ಊಟ ಶುರುವಾದಾಗ ಅವರು ಸಕ್ಕರೆ ಹಾಕದ ಚಾ ಕೇಳಿಕೊಂಡು ಹಿಂದಿನ ಅಡುಗೆಕೋಣೆಗೆ ಹೋದರು. ನಿಜ ಹೇಳಬೇಕೆಂದರೆ, ಫೋಟೋ ತೆಗೆಸಿಕೊಳ್ಳುವವರಿಂದ ತಪ್ಪಿಸಿಕೊಂಡದ್ದು. ಅಲ್ಲಿ ತಲೆ ನರೆತ ಅಡುಗೆಯವನೊಬ್ಬ ಅವರನ್ನು ಕಂಡು ಸೌಟು ಕೆಳಗಿಟ್ಟ.

"ಗುರ್ತ ಸಿಗ್ಲಿಕ್ಕಿಲ್ಲ ಸಾರ್ ನಿಮಗೆ. ನಾನು ಸೇಸಪ್ಪ. ಅಪ್ಪಿಯ ಗಂಡ."

ಮೋರಿಸರಿಗೆ ನೆನಪಾಯಿತು. ಅಪ್ಪಿ ಆ ಭಾಷಣಕ್ಕೆ ಮುಂಚೆ ಊರಿನಲ್ಲಿ ಅವರ ಮನೆಯ ಜಗಲಿಯಲ್ಲಿ ಗಂಡನ ಫೋಟೋ ಹಿಡಿದು ಕೂತಿದ್ದ ಹೆಂಗಸು. ಕುವೈಟಿನ ಶುವೈಖಿನಲ್ಲಿ ತಾನಿದ್ದ ಗ್ಯಾರೇಜು ಮುಚ್ಚಿದಾಗ ಸೇಸಪ್ಪ ಬೇರೆ ಕಡೆ ಕೆಲಸಕ್ಕೆ ನಿಂತಿದ್ದ. ವೀಸಾ ಕೊಟ್ಟಿದ್ದ ಯಜಮಾನ, ಅಲ್ಲಿಯ ಮಾತಿನಲ್ಲಿ ಕಫೀಲ್, ಓಡಿಹೋದವನೆಂದು ಕೇಸು ಹಾಕಿದ. ಅಲ್ಲಿರಲು ಬೇಕಾದ ಪರವಾನಗಿ ಇಕಾಮಾ ಹೋಯಿತು, ಊರಿಗೆ ಹೋಗುವ ದಾರಿಯೂ ಮುಚ್ಚಿತು. ಅಪ್ಪಿಗೆ ಹೊಟ್ಟೆಯಲ್ಲಿ ಗಡ್ಡೆ. ಸದನದಲ್ಲೇ ಎತ್ತುತ್ತೇನೆ, ಹೆದರಬೇಡಿ ಎಂದು ಕಳುಹಿಸಿದವರು ಅವರೇ.

ಸೇಸಪ್ಪ ಚಾಕ್ಕೆ ಬೇರೆ ಪಾತ್ರೆ ಇಡುತ್ತ ಎಲ್ಲ ಹೇಳಿದ. ಕುವೈಟ್ ಸರಕಾರದ ಕ್ಷಮಾದಾನ ಬಂದಾಗ ಕೇಸು ಹೋಯಿತಂತೆ. ಆದರೆ ಅಪ್ಪಿ ಅದಕ್ಕಿಂತ ಮುಂಚೆಯೇ ತೀರಿಕೊಂಡಿದ್ದಳು. ಇನ್ನು ಹೋಗಿ ಯಾರ ಮುಖ ನೋಡುವುದೆಂದು ಕಾಗದ ಸರಿಮಾಡಿಸಿಕೊಂಡು ಇಲ್ಲೇ ಉಳಿದ. ಅವನ ಮಾತಿನಲ್ಲಿ ದೂರು ಇರಲಿಲ್ಲ.

"ನಿಮ್ಮ ಭಾಷಣ ರೂಮಿನವರೆಲ್ಲ ಒಟ್ಟು ಕೂತು ನೋಡಿದ್ದು ಸಾರ್. ಅಪ್ಪಿ ಊರಲ್ಲಿ, ನಾನು ಇಲ್ಲಿ. ಮೈಕ್ ಬಂದ್ ಆದ ಮೇಲೂ ನಿಮ್ಮ ಬಾಯಿ ಆಡ್ತಾ ಇತ್ತಲ್ಲ, ಅವರು ಎಂತ ಹೇಳಿರಬಹುದು ಅಂತ ಫೋನಲ್ಲಿ ದಿನಾ ಕೇಳ್ತಿದ್ದಳು. ನಮ್ಮದೇ ವಿಷಯ ಮಾರಾಯ್ತಿ, ತುಂಬ ಉಂಟು ಅದು, ಅದಕ್ಕೇ ಟೈಮ್ ಸಾಕಾಗ್ಲಿಲ್ಲ ಅಂತ ನಾನು ಹೇಳ್ತಿದ್ದೆ."

ಅವನು ಒಲೆ ಹೊತ್ತಿಸಿದ. ಆಮೇಲೆ ಏನೋ ನೆನಪಾದವನಂತೆ ತಿರುಗಿದ.

"ಒಮ್ಮೆ ಹೇಳ್ತೀರಾ ಸಾರ್? ಆ ದಿನ ಉಳಿದದ್ದು."

ಸದ್ದಿನಿಂದ ತೊಂದರೆಯಾದೀತೆಂದು ಸೇಸಪ್ಪ ಹೊಗೆ ಹೊರಗೆಳೆಯುವ ಫ್ಯಾನು ಆರಿಸಿದ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊರಗೆ ಬ್ರಯಾನ್ ಮೈಕಿನಲ್ಲಿ ದಾನಿಗಳ ಹೆಸರು ಓದುತ್ತಿದ್ದ. ಮೋರಿಸರು ಪೇಟ ತೆಗೆದು ಹಿಟ್ಟಿನ ಡಬ್ಬಿಯ ಮೇಲಿಟ್ಟರು.

"ಸಭಾಪತಿಗಳೇ," ಎಂದರು. ದನಿ ತಮ್ಮದೇ ಅಲ್ಲವೆನಿಸಿತು. "ಕುವೈಟಿನಲ್ಲಿ ನಮ್ಮ ಊರಿನ ಸೇಸಪ್ಪ ಅನ್ನುವವರು ಸಿಕ್ಕಿಬಿದ್ದಿದ್ದಾರೆ. ಅವರು ಓಡಿಹೋದವರಲ್ಲ. ಊರಲ್ಲಿ ಅವರ ಹೆಂಡತಿ ಅಪ್ಪಿಗೆ ಕಾಯಿಲೆ ಜೋರಾಗಿದೆ. ಸರಕಾರ ಅವರನ್ನು ಬೇಗ ಮನೆಗೆ ಮುಟ್ಟಿಸಬೇಕು."

ಸೇಸಪ್ಪ ತಲೆಯಾಡಿಸಿದ. ಕಣ್ಣು ಒದ್ದೆಯಾಗಿತ್ತು. ಟೋಪಿ ಹಿಡಿದು ಹಾಗೆಯೇ ಕಾದು ನಿಂತ.

"ಮತ್ತೆ ಸಾರ್?"

"ಅಷ್ಟೇ."

"ಅಷ್ಟೇಯಾ?"

ಸೇಸಪ್ಪ ಅವರ ಮುಖವನ್ನು ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಒಲೆಯ ಕಡೆ ತಿರುಗಿದ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಆಗಷ್ಟೇ ಏಳುತ್ತಿದ್ದವು. ಅಷ್ಟೂ ಹೇಳಿ ಮುಗಿದಿತ್ತು, ಚಾ ಇನ್ನೂ ಕುದಿದಿರಲಿಲ್ಲ.