ಸಾಹೇಬರ ಹೊಸ ಜೊತೆಗಾರ

ಹೋಟೆಲುಗಳ ಚಾದರ ಒಗೆಯುವ ಆ ಲಾಂಡ್ರಿಯಲ್ಲಿ ಒಬ್ಬರಿಂದಾಗದ ಕೆಲಸವೆಂದರೆ ಮಡಚುವುದು. ಇಬ್ಬರು ಎರಡೆರಡು ಮೂಲೆ ಹಿಡಿದು, ಝಾಡಿಸಿ, ಎದುರುಬದುರು ನಡೆದು ಬಂದು ಕೈಗೆ ಕೈ ಕೂಡಿಸಬೇಕು. ಒಂದು ಕಡೆ ತಾಯಿ, ಇನ್ನೊಂದು ಕಡೆ ಮೂವತ್ತು ದಾಟಿದ ಮಗ. ಅಲ್ಲಿ ಎಲ್ಲರೂ ತಮಾಷೆಗೆ ಅವನನ್ನು ಕರೆಯುವುದು ಸಾಹೇಬ್ರು ಎಂದೇ. ಓದು ಏಳನೇ ಕ್ಲಾಸಿನಲ್ಲೇ ಕೈಕೊಟ್ಟಿತ್ತು. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಾನೆ; ಯಾರನ್ನು ಏನು ಕೇಳಬಾರದೋ ಅದನ್ನೇ ಮೊದಲು ಕೇಳುತ್ತಾನೆ. "ಬುದ್ಧಿಮಾಂದ್ಯದ ಅಂಚಿನಲ್ಲಿದ್ದಾನೆ" ಎಂದಿದ್ದರು ಡಾಕ್ಟರು. ಆ ಕಡೆಯವನೂ ಅಲ್ಲ, ಈ ಕಡೆಯವನೂ ಅಲ್ಲ.

ಅಂಥವನ ಪಾತ್ರ ಮಾಡಲಿರುವ ನಟನೊಬ್ಬ ನೋಡಿ ಕಲಿಯಲು ಬರುತ್ತಾನೆಂದು ಲಾಂಡ್ರಿಯ ಯಜಮಾನಿ ಹೇಳಿದಾಗ, ಬೇಡವೆನ್ನಲು ತಾಯಿಗೆ ನಾಲಿಗೆ ಏಳಲಿಲ್ಲ. ಮಗನಿಗೆ ಮಾತ್ರ, "ಹೊಸಬರು ಕಣೋ, ಮಡಚೋದು ಕಲಿಯೋಕೆ ಬರ್ತಾರೆ" ಎಂದುಬಿಟ್ಟಳು. ಶಾಲೆಯಲ್ಲಿ ಹುಡುಗರು ಅಣಕಿಸಿದ್ದಕ್ಕೆ ಅವನು ತಿಂಗಳುಗಟ್ಟಲೆ ಮನೆಯ ಹೊಸ್ತಿಲು ದಾಟಿರಲಿಲ್ಲ. ಈಗಲೂ ಹಾಗೇ ಆದರೆ?

ನಟ ಬಂದವನೇ ಅವಳನ್ನು ಬದಿಗೆ ಕರೆದ.

"ಇವರಿಗೆ ಏನಾದ್ರೂ ವಿಶೇಷ ಶಕ್ತಿ ಇದೆಯಾ ಅಮ್ಮ? ಲೆಕ್ಕ, ಸಂಗೀತ, ನೆನಪಿನ ಶಕ್ತಿ?"

"ಹಲ್ಲುಜ್ಜು ಅಂತ ದಿನಾ ನಾನೇ ನೆನಪು ಮಾಡ್ಬೇಕಪ್ಪ."

ನಟನ ಮುಖ ಸ್ವಲ್ಪ ಬಾಡಿತು. ಆಮೇಲೆ ತಾಯಿಯ ಜಾಗದಲ್ಲಿ ನಿಂತು ಚಾದರ ಹಿಡಿದ. ಹಿಡಿದವನೇ ಕುತ್ತಿಗೆ ವಾಲಿಸಿದ, ಬಾಯಿ ಜೋಲುಬಿಟ್ಟ, ಮಾತು ತೊದಲಿಸಿದ. ಇಸ್ತ್ರಿ ಮೇಜಿನ ಹೆಂಗಸರು ಮುಖ ಮುಖ ನೋಡಿಕೊಂಡರು. ತಾಯಿಗೆ ಜೀವ ಬಾಯಿಗೆ ಬಂತು.

"ಪರವಾಗಿಲ್ಲ ಅಣ್ಣ, ನಿಧಾನಕ್ಕೆ ಮಾಡಿ" ಎಂದ ಮಗ. "ನಂಗೂ ಮೊದ್ಲು ಬರ್ತಿರ್ಲಿಲ್ಲ. ಬಾಯಿ ಮುಚ್ಕೊಳಿ, ಧೂಳು ಹೋಗುತ್ತೆ. ಮದುವೆ ಆಗಿದ್ಯಾ? ಇಲ್ವಾ? ಯಾಕೆ, ಯಾರೂ ಒಪ್ಲಿಲ್ವಾ?"

ನಡುವೆ ಯಜಮಾನಿಯ ಬಳಿ ಹೋಗಿ ಪಿಸುಗುಟ್ಟಿಯೂ ಬಂದ: "ಪಾಪ, ಸ್ವಲ್ಪ ಮಂದ. ಕೆಲಸದಿಂದ ತೆಗೀಬೇಡಿ ಮೇಡಂ, ನಾನು ಕಲಿಸ್ಕೊಡ್ತೀನಿ."

ಅಷ್ಟರಲ್ಲಿ ನಟನ ಫೋನು ಬಡಿದುಕೊಂಡಿತು. ವಾಲಿದ ಕುತ್ತಿಗೆ ನೆಟ್ಟಗಾಯಿತು. ಮಾತು ಅರಳು ಹುರಿದಂತೆ ಹೊರಟಿತು. ಮಗ ಕಣ್ಣರಳಿಸಿ ನಿಂತ.

"ನೀವು ಸರಿಯಾಗೇ ಇದ್ದೀರಲ್ಲ! ಇಷ್ಟು ಹೊತ್ತು ಯಾರ ಥರ ಮಾಡ್ತಿದ್ರಿ?"

ನಟ ತಾಯಿಯ ಮುಖ ನೋಡಿದ. ಅವಳು ಹತ್ತಿರ ಬಂದಳು. "ನಿನ್ನ ಥರ ಕಣೋ. ಸಿನಿಮಾಕ್ಕೆ. ನಾನೇ ಸುಳ್ಳು ಹೇಳ್ದೆ."

ಮಗನ ಕಿವಿಗಳು ಕೆಂಪಾದವು. ಹಿಡಿದಿದ್ದ ಚಾದರ ಮೊಣಕಾಲಿನವರೆಗೆ ಇಳಿಯಿತು.

"ನಾನು ಹಂಗೆ ಬಾಯಿ ಬಿಡ್ತೀನಾ ಅಮ್ಮ?"

"ಇಲ್ಲಪ್ಪ."

"ಕುತ್ತಿಗೆ?"

"ನೆಟ್ಟಗೇ ಇರುತ್ತೆ."

"ಹಂಗಾದ್ರೆ ಇವ್ರಿಗೆ ಯಾರೋ ತಪ್ಪು ಹೇಳ್ಕೊಟ್ಟಿದ್ದಾರೆ." ನಟನತ್ತ ತಿರುಗಿದ. "ಸಿನಿಮಾದಲ್ಲಿ ಕೊನೆಗೆ ನಾನು ಏನಾಗ್ತೀನಿ?"

"ನೀರಿಗೆ ಬಿದ್ದ ಮಗೂನ ಉಳಿಸ್ತೀರ" ಎಂದ ನಟ. "ಉಳಿಸಿ... ಸತ್ತುಹೋಗ್ತೀರ. ಎಲ್ರೂ ಅಳ್ತಾರೆ."

"ನಂಗೆ ಈಜೋಕೇ ಬರಲ್ಲ!" ಮಗ ಇಳಿದಿದ್ದ ಚಾದರವನ್ನು ಮೇಲೆತ್ತಿದ. "ಸಾಯೋದು ಬೇಡ ಅಣ್ಣ. ನಾಳೆ ಎರಡು ಹೋಟೆಲಿನ ಬಟ್ಟೆ ಬರುತ್ತೆ. ಅಮ್ಮ ಒಬ್ಳೇ ಹೆಂಗೆ ಮಡಚ್ತಾಳೆ?"

ಇಸ್ತ್ರಿ ಮೇಜಿನ ಕಡೆಯಿಂದ ನಗು ಉಕ್ಕಿತು. ಮಗನೂ ನಕ್ಕ. ನಗದೆ ನಿಂತವನು ನಟನೊಬ್ಬನೇ.

"ನಿರ್ದೇಶಕರಿಗೆ ಹೇಳಿ ನೋಡ್ತೀನಿ" ಎಂದ.

"ಹೇಳಿ. ಈಗ ಮೂಲೆ ಹಿಡೀರಿ."

ಈ ಸಲ ನಟ ಬಾಯಿ ಮುಚ್ಚಿಕೊಂಡು, ನೆಟ್ಟಗೆ ನಡೆದು ಬಂದ. ತಾಯಿ ಸ್ಟೂಲೆಳೆದು, ಕಾಲು ಚಾಚಿ ಕೂತಳು.

"ಅಣ್ಣ, ನಿಮ್ಮ ಕೂದಲು ನಿಮ್ದೇನಾ?" ಎಂದ ಮಗ.

ಬೇರೆ ದಿನವಾಗಿದ್ದರೆ ಅವಳು "ಏಯ್" ಎಂದು ಗದರುತ್ತಿದ್ದಳು. ಇವತ್ತು ಸುಮ್ಮನಿದ್ದಳು, ಅವಳಿಗೂ ಅದೇ ಅನುಮಾನವಿತ್ತು.